ಮಗುವನ್ನು ಮರಳಿ ಪಡೆದ ತಾಯಿಗೆ ಸಮಿತಿಯ ಬಾಗಿಲಲ್ಲಿ ಕೆಲಸ ಕೊಡಬೇಕೆ?

ಆರೈಕೆ, ರಕ್ಷಣೆ ಬೇಕಾದ ಮಗು ಎಲ್ಲಿರಬೇಕೆಂದು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರುವ ಕುಟುಂಬಗಳಿಗೆ ಜತೆಯಾಗಿ ನಿಲ್ಲಲು, ಹಿಂದೊಮ್ಮೆ ತಾವೇ ಅಲ್ಲಿ ನಿಂತು ಮಗುವನ್ನು ಮನೆಗೆ ಕರೆತಂದ ತಂದೆ-ತಾಯಿಯನ್ನು ಸರ್ಕಾರ ಸಂಬಳ ಕೊಟ್ಟು ನೇಮಿಸಬೇಕೆ? ದಾವಣಗೆರೆಯಿಂದ ಒಬ್ಬರು, ಚಿತ್ರದುರ್ಗದಿಂದ ಒಬ್ಬರು ಬರೆದಿದ್ದಾರೆ.

ಪರ: ಹೋಗಿಬಂದವಳ ಮಾತನ್ನೇ ನಂಬುತ್ತಾರೆ
ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ, ದಾವಣಗೆರೆ

ಬೇಕು. ಒಂದೇ ಸಾಲಿನಲ್ಲಿ ಉತ್ತರ ಕೊಡಿ ಅಂದಿದ್ದರೆ ಇಷ್ಟೇ ಬರೆದು ಕಳಿಸುತ್ತಿದ್ದೆ. ಪುಟ ತುಂಬಬೇಕು ಅಂದರು, ಅದಕ್ಕೇ ಮುಂದಿನದು.

ಮಕ್ಕಳ ಕಲ್ಯಾಣ ಸಮಿತಿ ಅಂತೊಂದು ಇದೆ ಅನ್ನುವುದು ನಮ್ಮ ಜನಕ್ಕೆ ಗೊತ್ತಾಗುವುದೇ ಮಗು ಬಾಲಮಂದಿರ ಸೇರಿದ ಮೇಲೆ. ಢಾಬಾದಲ್ಲಿ ತಟ್ಟೆ ತೊಳೆಯುತ್ತಿದ್ದ ಹುಡುಗ, ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕವನು, ಚಪ್ಪರದಿಂದ ಬಿಡಿಸಿಕೊಂಡು ಬಂದ ಹುಡುಗಿ, ಅಪ್ಪ-ಅಮ್ಮ ಕಾಫಿ ಸೀಮೆಗೆ ಗುಳೆ ಹೋದಾಗ ಅಜ್ಜಿಯ ಹತ್ತಿರ ಉಳಿದು ಅಜ್ಜಿಯೂ ಹಾಸಿಗೆ ಹಿಡಿದ ಮೇಲೆ ದಿಕ್ಕಿಲ್ಲದಂತಾದ ಮಕ್ಕಳು. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತಾರೆ. 24 ಗಂಟೆಯೊಳಗೆ ಮಗುವನ್ನು ಸಮಿತಿಯ ಮುಂದೆ ಹಾಜರುಪಡಿಸಬೇಕು. 15 ದಿನದಲ್ಲಿ ಸಾಮಾಜಿಕ ತನಿಖಾ ವರದಿ, ನಾಲ್ಕು ತಿಂಗಳಲ್ಲಿ ಅಂತಿಮ ಆದೇಶ. 2015ರ ಬಾಲನ್ಯಾಯ ಕಾಯ್ದೆ ಹೇಳುವುದು ಹೀಗೆ. ಅಧ್ಯಕ್ಷರೊಬ್ಬರು, ಸದಸ್ಯರು ನಾಲ್ವರು, ಅವರಿಗೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರ. ಸದಸ್ಯರಾಗಲು ಮನಶ್ಶಾಸ್ತ್ರ, ಕಾನೂನು, ಸಮಾಜಕಾರ್ಯ ಇಂಥದ್ದರಲ್ಲಿ ಪದವಿ ಬೇಕು, ಜತೆಗೆ ಮಕ್ಕಳ ಆರೋಗ್ಯ, ಶಿಕ್ಷಣ, ಕಲ್ಯಾಣದ ಕೆಲಸದಲ್ಲಿ ಏಳು ವರ್ಷ ತೊಡಗಿರಬೇಕು, ಇಲ್ಲವೇ ಆ ಪದವಿಯ ವೃತ್ತಿ ಮಾಡುತ್ತಿರಬೇಕು. ಇರಲಿ, ಒಳ್ಳೆಯದೇ. ಸಮಿತಿಯವರಿದ್ದಾರೆ, ಮಕ್ಕಳ ರಕ್ಷಣಾ ಘಟಕದವರಿದ್ದಾರೆ, ಆಪ್ತ ಸಮಾಲೋಚಕರಿದ್ದಾರೆ, ಪೊಲೀಸರಿದ್ದಾರೆ. ಹೊರಗಿನ ಬೆಂಚಿನ ಮೇಲೆ ಸೆರಗು ಬಾಯಿಗಿಟ್ಟುಕೊಂಡು ಕೂತವಳ ಕಡೆಯವರು ಇವರಲ್ಲಿ ಯಾರು?

ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ಅಲ್ಲಲ್ಲಿ ವಿವರ ಬದಲಿಸಿದ್ದೇನೆ. ಅವಳು ಮಂಡಕ್ಕಿ ಭಟ್ಟಿಯಲ್ಲಿ ಕೆಲಸದವಳು. ಭಟ್ಟಿಯ ಒಳಗೆ ಕಾಲಿಟ್ಟವರಿಗೆ ಗೊತ್ತು, ಕಾದ ಮರಳಿನ ಎದುರು ಬೆಳಗಿನಿಂದ ನಿಂತವರಿಗೆ ಮಧ್ಯಾಹ್ನದ ಹೊತ್ತಿಗೆ ಮಾತೂ ಬೇಡವಾಗಿರುತ್ತದೆ. ಗಂಡ ಹಮಾಲಿ, ದುಡಿದದ್ದರಲ್ಲಿ ಅರ್ಧ ನೈಂಟಿ ಪ್ಯಾಕೆಟ್ಟಿಗೆ. ಏಳನೇ ಕ್ಲಾಸು ಓದುತ್ತಿದ್ದ ಮಗ ಅಪ್ಪನ ಕಾಟಕ್ಕೋ ಏನೋ ಮನೆ ಬಿಟ್ಟ. ಬೇರೆ ಜಿಲ್ಲೆಯ ಹೆದ್ದಾರಿಯ ಹೋಟೆಲೊಂದರಲ್ಲಿ ಸಿಕ್ಕ. ಅಲ್ಲಿಯದೇ ಸಮಿತಿ, ಅಲ್ಲಿಯದೇ ಬಾಲಮಂದಿರ.

ಇವಳು ಮೊದಲ ಸಲ ಹೋದಾಗ ಅವತ್ತು ಸಮಿತಿಯ ಸಭೆಯೇ ಇರಲಿಲ್ಲ. ಎರಡನೆಯ ಸಲ ಆಧಾರ್ ಒಯ್ದಳು, ಅದರಲ್ಲಿ ತವರಿನ ಹೆಸರು, ಶಾಲೆಯ ದಾಖಲೆಯಲ್ಲಿ ಗಂಡನ ಮನೆಯಲ್ಲಿ ಕರೆಯುವ ಹೆಸರು. ರೇಷನ್ ಕಾರ್ಡು ಅತ್ತೆಯ ಕೈಯಲ್ಲಿ. ಮಗುವಿನ ತಾಯಿ ನೀನೇ ಎನ್ನುವುದಕ್ಕೆ ಏನಮ್ಮಾ ಆಧಾರ ಅಂತ ಕೇಳಿದರಂತೆ. ಕೇಳಲೇಬೇಕು, ಸುಮ್ಮನೆ ಯಾರ ಕೈಗೋ ಮಗು ಕೊಡಲಾಗುವುದಿಲ್ಲ. ಆದರೆ ಹೆತ್ತವಳಿಗೆ ಆ ಪ್ರಶ್ನೆ ಹೇಗೆ ಕೇಳಿಸಿರಬೇಕು! ಒಂದೊಂದು ಸಲ ಹೋಗಿಬಂದಾಗಲೂ ಅವತ್ತಿನ ಕೂಲಿ ಹೋಯಿತು, ಬಸ್ಸಿಗೆ ಹೆಂಗಸರಿಗೆ ದುಡ್ಡಿಲ್ಲ ಅನ್ನುವುದೊಂದೇ ಸಮಾಧಾನ.

ಮುಂದಿನ ಸಲ ವಿಚಾರಣೆ. "ಗಂಡ ಕುಡೀತಾನೇನಮ್ಮಾ?" "ಇಲ್ರಿ ಸರ್." "ಹೊಡೀತಾನಾ?" "ಇಲ್ರಿ, ದೇವರಂಥೋನು." ಮನೆ ನೋಡಲು ಬಂದವರಿಗೆ ಬಾಗಿಲ ಪಕ್ಕದಲ್ಲೇ ಖಾಲಿ ಪ್ಯಾಕೆಟ್ಟು ಕಂಡವು. ತಾಯಿ ಸತ್ಯ ಮರೆಮಾಚುತ್ತಿದ್ದಾರೆ, ಸಹಕಾರವಿಲ್ಲ ಅಂತ ವರದಿಯಾಯಿತು. ಅಲ್ಲಿಂದ ಮುಂದೆ ಅವಳು ಏನು ಹೇಳಿದರೂ ಸುಳ್ಳೇ.

ಅಧಿಕಾರಿಯ ಮುಂದೆ ಬಡವರು ಯಾಕೆ ಸುಳ್ಳು ಹೇಳುತ್ತಾರೆ ಅನ್ನುವುದನ್ನು ನನ್ನ ಸರ್ವೀಸಿನುದ್ದಕ್ಕೂ ನೋಡಿದ್ದೇನೆ. ನಾವು ಅಂಗನವಾಡಿಯವರು ಮನೆಗೆ ಹೋದರೂ, ಮಗುವಿಗೆ ಮೊಟ್ಟೆ ತಿನ್ನಿಸ್ತೀಯಾ ಅಂದರೆ ಹೂಂ ಅನ್ನುತ್ತಾರೆ. ತೂಕ ಹಾಕಿದರೆ ಗೊತ್ತಾಗುತ್ತದೆ. ಮೋಸ ಮಾಡಬೇಕೆಂದಲ್ಲ. ಕೇಳಿದವರ ಕೈಯಲ್ಲಿ ಪೆನ್ನಿದೆ, ಹೇಳಿದ್ದು ಬರಹವಾಗುತ್ತದೆ, ಬರಹ ತನ್ನ ವಿರುದ್ಧವೇ ತಿರುಗುತ್ತದೆ ಅನ್ನುವ ಭಯ. ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯು ಓದಿದ ಹುಡುಗಿ ಎಷ್ಟು ಮೃದುವಾಗಿ ಕೇಳಿದರೂ ಈ ಭಯ ಹೋಗುವುದಿಲ್ಲ. ಆ ಹುಡುಗಿಯ ತಪ್ಪೇನೂ ಇಲ್ಲ, ಅವಳ ಕೈಯಲ್ಲೂ ಪೆನ್ನಿದೆ.

ಭಟ್ಟಿಯವಳ ದಾರಿ ತಿರುಗಿದ್ದು ಒಬ್ಬ ಹೂವಿನವಳಿಂದ. ಅದೇ ಓಣಿಯ ಕೊನೆಯಲ್ಲಿ ಮನೆ. ಅವಳ ಮಗಳಿಗೆ ಹದಿನಾರು ತುಂಬುವ ಮೊದಲೇ ಮದುವೆ ಗೊತ್ತುಮಾಡಿದ್ದರು. ಬಾಲ್ಯವಿವಾಹ ನಿಲ್ಲಿಸಲು ಜೀಪು ಬಂತು, ಹುಡುಗಿ ಬಾಲಮಂದಿರಕ್ಕೆ ಹೋದಳು, ತಿಂಗಳುಗಟ್ಟಲೆ ಓಡಾಡಿ ಇವಳು ಮಗಳನ್ನು ಕರೆತಂದಳು. ಆ ಮಗಳು ಈಗ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಾಳೆ. ಹೂವಿನವಳು ಇವಳಿಗೆ ಹೇಳಿದ ಮಾತುಗಳನ್ನು ನಾನು ಅಲ್ಲೇ ಕೂತು ಕೇಳಿಸಿಕೊಂಡೆ. ಇಲಾಖೆಯ ಯಾವ ತರಬೇತಿಯಲ್ಲೂ ನಾನು ಅಂಥದ್ದು ಕೇಳಿರಲಿಲ್ಲ.

"ನೋಡು ತಂಗಿ, ಕುಡೀತಾನೆ ಅಂತ ಹೇಳಿಬಿಡು. ಹೇಳಿದ್ರೆ ಮಗನ್ನ ಕೊಡಲ್ಲ ಅಂದ್ಕಂಡಿದ್ಯಾ? ಮುಚ್ಚಿಟ್ಟಿದ್ದಕ್ಕೇ ಕೊಡ್ತಿಲ್ಲ. ಕುಡಿಯೋನ ಮನೆಗೆ ಕಳಿಸಲ್ಲ ಅಂದ್ರೆ ನಿಮ್ಮವ್ವನ ಮನೆ ತೋರಿಸು. ಹೋಗೋವಾಗ ನಿಮ್ಮವ್ವನ್ನೂ ಕರ್ಕಂಡು ಹೋಗು. ಹೆಡ್ ಮೇಷ್ಟ್ರ ಹತ್ರ ಕಾಗದ ಬರೆಸ್ಕೋ, ಮಗ ವಾಪಸ್ ಬಂದ್ರೆ ಸೇರಿಸ್ಕಂತೀವಿ ಅಂತ. ಕಾಲಿಗೆ ಬೀಳಬೇಡ, ಅವರಿಗೆ ಅದು ಸೇರಲ್ಲ. ಬೆಳಿಗ್ಗೆ ಏನಾದ್ರೂ ತಿಂದು ಹೋಗು, ಸಂಜೆ ಮಟ ಕೂರ್ಬೇಕಾಗುತ್ತೆ, ತಲೆ ಸುತ್ತಿ ಏನೇನೋ ಮಾತಾಡ್ತೀಯ."

ಆಮೇಲೆ ಇನ್ನೊಂದು ಹೇಳಿದಳು. "ಮೊದಲನೇ ಸಲ ನೋಡ್ದಾಗ ಮಗ ಮಕ ತಿರುಗಿಸ್ತಾನೆ. ನನ್ನ ಮಗಳೂ ತಿರುಗಿಸಿದ್ಲು. ಅತ್ಕಂಡು ಎದ್ದು ಬರಬೇಡ. ಅಲ್ಲೇ ಕೂತಿರು. ಯಾಕ್ ಹಂಗ್ ಮಾಡ್ದೆ ಅಂತ ಮಾತ್ರ ಕೇಳಬೇಡ, ಮನೇಲಿ ನಾಯಿ ಮರಿ ಹಾಕಿದ್ರೆ ಅದನ್ನ ಹೇಳು."

ಆ ಮನೆಯಲ್ಲಿ ನಾಯಿ ಇತ್ತೋ ಇಲ್ಲವೋ ನನಗೆ ತಿಳಿಯದು. ಹುಡುಗ ನಿಜಕ್ಕೂ ಮುಖ ತಿರುಗಿಸಿದನಂತೆ. ಇವಳು ಎದ್ದು ಬರಲಿಲ್ಲ. ಅಜ್ಜಿಯ ಮನೆಗೆ ಹುಡುಗನನ್ನು ಒಪ್ಪಿಸಿದರು, ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವಕ್ಕೆ ಅರ್ಜಿಯೂ ಹೋಯಿತು. ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ ಆ ಯೋಜನೆಯಲ್ಲಿ. ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ದಾಟಿರಬಾರದು. ಇಂಥದ್ದೊಂದು ಇದೆ ಅಂತ ಇವಳಿಗೆ ಮೊದಲು ಹೇಳಿದವಳೂ ಹೂವಿನವಳೇ. ಅದಕ್ಕಾಗಿ ಅವಳಿಗೆ ಯಾರೂ ಒಂದು ಪೈಸೆ ಕೊಟ್ಟಿಲ್ಲ. ಆ ದಿನ ಕಟ್ಟಿದ ಹೂವು ಬಾಡಿ ಹೋಯಿತು, ಅಷ್ಟೇ.

ನಾನು ಕೇಳುವುದು ಇದನ್ನೇ. ಹೂವಿನವಳು ಪುಣ್ಯಕ್ಕೆ ಮಾಡಿದ್ದನ್ನು ಕೆಲಸವಾಗಿ ಮಾಡಿ. ಸಮಿತಿ ಕೂರುವ ಕಡೆ ಅವಳಿಗೊಂದು ಕುರ್ಚಿ ಹಾಕಿ, ಸಂಬಳ ಕೊಡಿ, ಬರುವ ಪ್ರತಿಯೊಂದು ಕುಟುಂಬವೂ ಮೊದಲು ಅವಳ ಜತೆ ಮಾತಾಡಿ ಒಳಗೆ ಹೋಗಲಿ.

ಇದು ನನ್ನ ತಲೆಯಲ್ಲಿ ಹುಟ್ಟಿದ್ದೇನಲ್ಲ. ಅಮೆರಿಕದಲ್ಲಿ ಸರ್ಕಾರ ಮಕ್ಕಳನ್ನು ಮನೆಯಿಂದ ತೆಗೆದುಕೊಂಡು ಹೋಗುವುದು ನಮಗಿಂತ ಬಹಳ ಹೆಚ್ಚು. ಅಲ್ಲಿನ ಅಯೋವಾ ರಾಜ್ಯದಲ್ಲಿ 2007ರಿಂದ ಹೀಗೆ ಮಕ್ಕಳನ್ನು ಮರಳಿ ಪಡೆದ ತಂದೆ-ತಾಯಂದಿರೇ ಹೊಸ ಕುಟುಂಬಗಳಿಗೆ ಜತೆಗಾರರು. ಅವರ ನೆರವು ಪಡೆದ ಮನೆಗಳಿಗೆ ಮಕ್ಕಳು ಹೆಚ್ಚಾಗಿ ಮರಳಿದ್ದು ಅಧ್ಯಯನದಲ್ಲಿ ಕಂಡಿದೆ. ಕುಡಿತ, ಮಾದಕ ವಸ್ತುವಿನ ಪ್ರಕರಣಗಳಿಗೆಂದೇ ಕ್ಲೀವ್‌ಲ್ಯಾಂಡ್‌ನಲ್ಲಿ 1997ರಲ್ಲಿ ಶುರುವಾಗಿ ಕೆಂಟಕಿಗೂ ಹೋದ ಕಾರ್ಯಕ್ರಮವೊಂದಿದೆ. ಕನಿಷ್ಠ ಮೂರು ವರ್ಷ ಚಟದಿಂದ ದೂರವಿದ್ದವರು ಸರ್ಕಾರಿ ಸಮಾಜಕಾರ್ಯಕರ್ತೆಯ ಜೋಡಿಯಾಗಿ ಮನೆಮನೆಗೆ ಹೋಗುತ್ತಾರೆ. ನ್ಯೂಯಾರ್ಕ್‌ನಲ್ಲಿ 2007ರಿಂದ 2014ರವರೆಗಿನ 28 ಸಾವಿರಕ್ಕೂ ಹೆಚ್ಚು ಮಕ್ಕಳ ಪ್ರಕರಣ ಹೋಲಿಸಿ ನೋಡಿದರು. ವಕೀಲರ ಜತೆಗೆ ಇಂಥ ಪೋಷಕರೂ ಇದ್ದ ತಂಡ ವಾದಿಸಿದ ಕಡೆ ಮಕ್ಕಳು ಮನೆಯಿಂದ ಹೊರಗೆ ಕಳೆದ ಕಾಲ ಸರಾಸರಿ 118 ದಿನ ಕಡಿಮೆ. ಮಕ್ಕಳ ಸುರಕ್ಷತೆಗೆ ಧಕ್ಕೆ ಬರಲಿಲ್ಲ ಎಂದೂ ಅದೇ ಅಧ್ಯಯನ ಹೇಳುತ್ತದೆ. 118 ದಿನ ಅಂದರೆ ಒಂದು ಮುಂಗಾರು ಬೆಳೆ ಬಿತ್ತಿ ಕೊಯ್ಯುವಷ್ಟು ಕಾಲ.

ಅಮೆರಿಕ ದೂರವಾಯಿತು ಅನ್ನುವವರು ಜಿಲ್ಲಾಸ್ಪತ್ರೆಯಲ್ಲಿ ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋಗಿ ನೋಡಲಿ. ಎಚ್‌ಐವಿ ಇರುವವರನ್ನೇ ಅಲ್ಲಿ ಆರೈಕೆ ಸಂಯೋಜಕರೆಂದು ಇಟ್ಟುಕೊಳ್ಳುವ ನಿಯಮ ಎಷ್ಟೋ ವರ್ಷದಿಂದ ಇದೆ. ಹೊಸದಾಗಿ ಗೊತ್ತಾದವನು ಡಾಕ್ಟರ ಮುಂದೆ ತಲೆಯಾಡಿಸಿ ಬಂದು, ಗುಳಿಗೆ ನುಂಗಿದರೆ ಏನಾಗುತ್ತೆ ಅಂತ ಕೇಳುವುದು ಇವರನ್ನೇ. ಮದ್ಯವರ್ಜನ ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಮಾಡುವುದಿಲ್ಲವೇ? ಬಿಟ್ಟವನು ಬಿಡುತ್ತಿರುವವನನ್ನು ಹಿಡಿದುಕೊಳ್ಳುವ ಪದ್ಧತಿ ಹಳ್ಳಿ ಹಳ್ಳಿಯಲ್ಲಿದೆ. ಕುಡುಕರಿಗೆ ಸಲ್ಲುವುದು ತಾಯಂದಿರಿಗೆ ಯಾಕೆ ಸಲ್ಲಬಾರದು?

ಇದಕ್ಕೆ ಗುಟ್ಟು ಬಯಲಾಗುತ್ತದೆ ಅನ್ನುವ ಆಕ್ಷೇಪ ಬರುತ್ತದೆ, ಗೊತ್ತು. ಯಾವ ಗುಟ್ಟು ಸ್ವಾಮಿ? ಓಣಿಗೆ ಜೀಪು ಬಂದ ದಿನವೇ ಎಲ್ಲರಿಗೂ ಗೊತ್ತಾಗಿದೆ, ಮೇಲಾಗಿ ಇಲ್ಲದ್ದನ್ನೂ ಸೇರಿಸಿ ಹೇಳಿಯಾಗಿದೆ. ಗುಟ್ಟು ಕಾಪಾಡುವ ಹೆಸರಿನಲ್ಲಿ ಕಾಪಾಡುತ್ತಿರುವುದು ಕಚೇರಿಯ ಸುಖವನ್ನು. ಹೋಗಿಬಂದವಳೊಬ್ಬಳು ಪಕ್ಕದಲ್ಲಿ ಕೂತರೆ, ಈ ಕಾಗದ ನಿಯಮದಲ್ಲಿ ಎಲ್ಲಿದೆ ಅಂತ ಕೇಳುತ್ತಾಳೆ. ಅದು ಕೆಲವರಿಗೆ ಕಿರಿಕಿರಿ. ಮಗುವನ್ನು ನಿಜಕ್ಕೂ ಹಿಂಸೆ ಮಾಡಿದ ತಂದೆ-ತಾಯಿಗೂ ನೆರವು ಕೊಡುತ್ತೀರಾ ಅಂತಲೂ ಕೇಳುತ್ತಾರೆ. ಅಂಥ ಪ್ರಕರಣಕ್ಕೆ ಬೇರೆ ಕಾನೂನು, ಬೇರೆ ಕೋರ್ಟು ಇದೆ. ನಾನು ಮಾತಾಡುತ್ತಿರುವುದು ಬಡತನದ ಬಗ್ಗೆ. ಬರೀ ಬಡತನದ ಕಾರಣಕ್ಕೆ ಮಗುವನ್ನು ಹೆತ್ತವರಿಂದ ಬೇರ್ಪಡಿಸಕೂಡದು ಎಂದು ವಿಶ್ವಸಂಸ್ಥೆಯ ಮಾರ್ಗಸೂಚಿ 2009ರಲ್ಲೇ ಹೇಳಿದೆ. ನಮ್ಮ ಕಾಯ್ದೆಯ ಮೂರನೇ ಕಲಮೂ ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಅನ್ನುತ್ತದೆ.

ಅಪ್ಪಂದಿರೂ ಬರಲಿ, ಬೇಡ ಅನ್ನುವುದಿಲ್ಲ. ನಾನು ನೋಡಿದ ಮಟ್ಟಿಗೆ ಬೆಂಚಿನ ಮೇಲೆ ಕೂತಿರುವುದು ಅಮ್ಮಂದಿರೇ. ಅಪ್ಪ ಬಂದರೂ ಹೊರಗೆ ಬೇವಿನ ಮರದ ಕೆಳಗೆ ಬೀಡಿ ಸೇದುತ್ತಿರುತ್ತಾನೆ.

ಷರತ್ತು ಹಾಕುವುದಿದ್ದರೆ ಹಾಕಿ. ಅಯೋವಾದಲ್ಲಿ ಮಗು ಮನೆಗೆ ಮರಳಿ ಒಂದು ವರ್ಷವಾದರೂ ಆಗಿರಬೇಕು ಅನ್ನುತ್ತಾರೆ, ನಾವು ಎರಡು ವರ್ಷ ಅನ್ನೋಣ. ತರಬೇತಿ ಕೊಡಿ, ಗುರುತಿನ ಚೀಟಿ ಕೊಡಿ, ಸಮಿತಿ ಕೂರುವ ದಿನವೆಲ್ಲ ಹಾಜರಾತಿ ತೆಗೆದುಕೊಳ್ಳಿ. ಓದಿರಬೇಕು ಅಂತ ಮಾತ್ರ ಹಾಕಬೇಡಿ. ಎಸ್ಸೆಸ್ಸೆಲ್ಸಿ ಪಾಸು ಅಂತ ಒಂದು ಸಾಲು ಸೇರಿಸಿದರೆ ಸಾಕು, ಹೂವಿನವಳು ಹೊರಗೆ ಉಳಿಯುತ್ತಾಳೆ, ಯಾರದೋ ತಮ್ಮನ ಹೆಂಡತಿ ಒಳಗೆ ಬರುತ್ತಾಳೆ.

ವಿರೋಧ: ಅನುಭವಕ್ಕೆ ಸರ್ಟಿಫಿಕೇಟ್ ಕೊಡುವವರು ಯಾರು?
ವಕೀಲರು, ಚಿತ್ರದುರ್ಗ

ವಿರೋಧದ ಬದಿಗೆ ಯಾರೂ ಒಪ್ಪಲಿಲ್ಲವಂತೆ, ನನಗೆ ಬಂತು. ಎದುರು ಬದಿಯ ಲೇಖನ ನಾನು ನೋಡಿಲ್ಲ, ಆದರೆ ಊಹಿಸಬಲ್ಲೆ. ಒಬ್ಬ ತಾಯಿಯ ಕಥೆ ಇರುತ್ತದೆ, ಕಣ್ಣೀರಿರುತ್ತದೆ, ಕೊನೆಗೆ ಅಮೆರಿಕ ಬರುತ್ತದೆ. ನನ್ನ ಹತ್ತಿರ ಇರುವುದು ಒಬ್ಬ ದೊಡ್ಡಪ್ಪ. ಅವರು ಆಮೇಲೆ ಬರುತ್ತಾರೆ, ಮೊದಲು ಕಾನೂನು.

ಮಗುವಿನ ಖಾಸಗಿತನ ಬಾಲನ್ಯಾಯ ಕಾಯ್ದೆಯ ಮೂಲತತ್ವಗಳಲ್ಲೊಂದು. ಗುರುತು ಪ್ರಕಟಿಸಿದವರಿಗೆ 74ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಪತ್ರಿಕೆಗೆ, ಟಿವಿಗೆ ಇದು ಸರಿ. ಬಾಯಿಮಾತಿಗೆ ಯಾವ ಕಲಂ? ಚಿತ್ರದುರ್ಗದ ಗಾಂಧಿ ವೃತ್ತದಲ್ಲಿ ಆಡಿದ ಮಾತು ಆಡಿದವನಿಗಿಂತ ಮೊದಲು ಸಂತೆಹೊಂಡ ತಲುಪುತ್ತದೆ. ಬೇರೆ ಊರಿಗೆ ವರ್ಗವಾಗಿ ಹೋಗುವ ಅಧಿಕಾರಿಗೆ ಗೊತ್ತಾದದ್ದು ಫೈಲಿನಲ್ಲಿ ಉಳಿಯುತ್ತದೆ. ಪಕ್ಕದ ಓಣಿಯ ಹೆಂಗಸಿಗೆ ಗೊತ್ತಾದದ್ದು ಆ ಹುಡುಗಿಗೆ ಗಂಡು ನೋಡುವ ಕಾಲದಲ್ಲಿ, ಹತ್ತು ವರ್ಷದ ಮೇಲೆ, ಮದುವೆ ಮನೆಯ ಪಂಕ್ತಿಯಲ್ಲಿ ಹೊರಗೆ ಬರುತ್ತದೆ. ಜಾತಿಯ ಮಾತನ್ನೂ ಬಿಡುವಂತಿಲ್ಲ. ಹಟ್ಟಿಯ ಮನೆಗೆ ತಾಂಡಾದವಳು, ತಾಂಡಾಕ್ಕೆ ಕೇರಿಯವಳು ನೆರವಿಗೆಂದು ಹೋದರೆ ಕೂರಲು ಚಾಪೆ ಹಾಕುತ್ತಾರೆಯೇ? ಹಾಕಬೇಕು ಅನ್ನುವುದು ಬೇರೆ ಮಾತು.

ಎರಡನೆಯದು, ಮಗು. ಈ ಚರ್ಚೆಯಲ್ಲೆಲ್ಲ ತಾಯಿ, ತಾಯಿ, ತಾಯಿ. ಸಮಿತಿಯ ಹೆಸರಿನಲ್ಲೇ ಇರುವುದು ಮಕ್ಕಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಹೆಗ್ಗಣಕ್ಕೆ ಹೆತ್ತವರು ಮುದ್ದೇ ಎಂದು ಯಾರೂ ಕೇಳಿಲ್ಲ. ಮನೆಗೆ ಹೋಗುವುದಿಲ್ಲ ಎಂದು ಸಮಿತಿಯ ಮುಂದೆ ಕೈ ಮುಗಿದ ಹುಡುಗಿಯನ್ನು ನಾನು ನೋಡಿದ್ದೇನೆ. ಅಲ್ಲಿ ತಾಯಿಯ ಪಕ್ಕದಲ್ಲಿ ಸರ್ಕಾರಿ ಗುರುತಿನ ಚೀಟಿ ಹಾಕಿಕೊಂಡ ಇನ್ನೊಬ್ಬ ತಾಯಿಯೂ ನಿಂತು, ಬಾ ಮಗಳೇ ಅಂದರೆ ಹುಡುಗಿಯ ಗತಿ? ಮಕ್ಕಳ ಪರವಾಗಿಯೇ ನಮ್ಮಲ್ಲಿ ಸಾಕಷ್ಟು ಜನ ಇಲ್ಲ. ಪೋಕ್ಸೊ ನಿಯಮಗಳು 2020ರ ಪ್ರಕಾರ ಸಮಿತಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿಗೆ ಸಹಾಯಕ ವ್ಯಕ್ತಿಯನ್ನು ಒದಗಿಸಬಹುದು. ದುಡ್ಡಿದ್ದರೆ ಮೊದಲು ಅಂಥ ಸಹಾಯಕರ ಪಟ್ಟಿ ತುಂಬಿಸಿ.

ನ್ಯೂಯಾರ್ಕ್ ಅಧ್ಯಯನವನ್ನು ಎದುರಿನವರು ಎತ್ತಿಯೇ ಎತ್ತಿರುತ್ತಾರೆ. ಅದನ್ನು ಪೂರ್ತಿ ಓದಬೇಕು. ಅಲ್ಲಿ ಕೆಲಸ ಮಾಡಿದ್ದು ವಕೀಲ, ಸಮಾಜಕಾರ್ಯಕರ್ತೆ, ಪೋಷಕಿ ಮೂವರೂ ಸೇರಿದ ಕಚೇರಿ. 118 ದಿನದಲ್ಲಿ ಪೋಷಕಿಯ ಪಾಲೆಷ್ಟು, ವಕೀಲನ ಪಾಲೆಷ್ಟು ಎಂದು ಹೇಗೆ ಬಿಡಿಸುತ್ತೀರಿ? ವಕೀಲನ ಪಾಲೇ ದೊಡ್ಡದು ಎಂದು ನಾನು ಹೇಳಿದರೆ ಸ್ವಾರ್ಥ ಅನ್ನಬಹುದು, ಅನ್ನಲಿ.

ಈಗ ದೊಡ್ಡಪ್ಪ. ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಶೇಂಗಾ ಸೀಸನ್ನಿನಲ್ಲಿ ದುಡ್ಡು ಓಡಾಡುತ್ತಿತ್ತು, ಬಾಟಲಿಯೂ ಓಡಾಡುತ್ತಿತ್ತು. ಒಂದು ದಿನ ಇದ್ದಕ್ಕಿದ್ದಂತೆ ಬಿಟ್ಟರು. ನಾಯಕನಹಟ್ಟಿಗೆ ನಡೆದು ಹೋಗಿ, ತಿಪ್ಪೇರುದ್ರಸ್ವಾಮಿಯ ಮುಂದೆ ಮಾತು ಕೊಟ್ಟು ಬಂದರು. ಬಿಟ್ಟದ್ದು ನಿಜ, ಸಾಯುವವರೆಗೂ ಮುಟ್ಟಲಿಲ್ಲ. ಆದರೆ ಅಲ್ಲಿಂದ ಮುಂದೆ ಮನೆಯವರಿಗೂ ಬೀದಿಯವರಿಗೂ ಕಷ್ಟ ಶುರುವಾಯಿತು. ಕುಡಿಯುವವರ ಮನೆಯ ಜಗುಲಿಯಲ್ಲಿ ಬೆಳಿಗ್ಗೆ ಆರಕ್ಕೇ ಹೋಗಿ ಕೂರುತ್ತಿದ್ದರು. "ನಾನು ಬಿಟ್ಟಿಲ್ವೇನಲೇ? ನಿನಗೇನ್ ಧಾಡಿ?" ಎಂದು ಶುರು. ಅವರ ಪ್ರಕಾರ ಔಷಧ ಮೂರೇ: ನಿಂಬೆಹಣ್ಣು ಹಿಂಡಿದ ಮಜ್ಜಿಗೆ, ನಾಯಕನಹಟ್ಟಿ, ಹೆಂಡತಿಯ ಮುಂದೆ ನಾಚಿಕೆ. ದೊಡ್ಡಮ್ಮ ಇದನ್ನೆಲ್ಲ ಕೇಳಿಸಿಕೊಂಡು ಒಳಗೆ ಪಾತ್ರೆ ಕುಕ್ಕುತ್ತಿದ್ದರು, ನಾಚಿಕೆಯ ಕಥೆ ಅವರಿಗೆ ಬೇರೆಯೇ ಗೊತ್ತಿತ್ತು.

ಎದುರು ಮನೆಯ ಹುಡುಗನೊಬ್ಬ, ಟ್ರಾಕ್ಟರ್ ಓಡಿಸುತ್ತಿದ್ದವನು, ಇವರ ಮಾತು ಕೇಳಿ ಒಂದೇ ದಿನಕ್ಕೆ ನಿಲ್ಲಿಸಿದ. ಕೈ ನಡುಗುತ್ತಿದೆ ಎಂದ. ನನಗೂ ನಡುಗಿತ್ತು, ತಡಕೋ ಎಂದರು ದೊಡ್ಡಪ್ಪ. ಎರಡು ದಿನ ಕಳೆದ ಮೇಲೆ ರಾತ್ರಿ ಹುಡುಗನಿಗೆ ಫಿಟ್ಸ್ ಬಂತು. ವಿಪರೀತ ಕುಡಿಯುವವರು ಏಕಾಏಕಿ ಬಿಟ್ಟರೆ ಹೀಗಾಗಬಹುದು, ವೈದ್ಯರ ನಿಗಾ ಬೇಕು ಎಂದು ಆಸ್ಪತ್ರೆಯಲ್ಲಿ ಬೈದರು. ಬದುಕಿದ, ಈಗಲೂ ಇದ್ದಾನೆ. ದೊಡ್ಡಪ್ಪನ ಮೈ ತಡೆದದ್ದನ್ನು ಅವನ ಮೈ ತಡೆಯಲಿಲ್ಲ, ಅಷ್ಟೇ. ಒಬ್ಬಳಿಗೆ ಸತ್ಯ ಹೇಳಿದ್ದರಿಂದ ಮಗು ಸಿಕ್ಕಿತು ಅಂತಿಟ್ಟುಕೊಳ್ಳಿ. ಅವಳು ಎಲ್ಲರಿಗೂ ಸತ್ಯ ಹೇಳು ಅನ್ನುತ್ತಾಳೆ. ಇನ್ನೊಬ್ಬಳ ಪ್ರಕರಣದಲ್ಲಿ ಅದೇ ಮಾತು ಗಂಡನ ಮೇಲೆ ಎಫ್‌ಐಆರ್ ಆದರೆ ಹೊಣೆ ಯಾರದು? ನಾವು ತಪ್ಪು ಸಲಹೆ ಕೊಟ್ಟರೆ ವಕೀಲರ ಪರಿಷತ್ತಿಗೆ ದೂರು ಹೋಗುತ್ತದೆ.

ಪ್ರಾಮಾಣಿಕವಾಗಿ ಒಂದು ಮಾತು ಸೇರಿಸಬೇಕು. ಫಿಟ್ಸ್ ಪ್ರಕರಣವಾದ ಮೇಲೂ ರಾತ್ರಿ ಹನ್ನೊಂದಕ್ಕೆ ಜನ ತಟ್ಟುತ್ತಿದ್ದುದು ದೊಡ್ಡಪ್ಪನ ಬಾಗಿಲನ್ನೇ. ಡಾಕ್ಟರ ಬಾಗಿಲನ್ನು ತಟ್ಟಿದ್ದು ನಾನು ಕಾಣೆ. ಎದುರಿನವರು ಬೇಕಾದರೆ ಇದನ್ನು ಬಳಸಿಕೊಳ್ಳಲಿ.

ಇನ್ನು ಸಂಬಳ. ಸರ್ಕಾರ ಹೆಂಗಸರಿಗೆಂದು ಇಂಥ ಕೆಲಸ ಹುಟ್ಟಿಸಿದಾಗಲೆಲ್ಲ ಅದಕ್ಕೆ ಗೌರವಧನ ಎಂದು ಹೆಸರಿಟ್ಟಿದೆ. ಆಶಾ ಯೋಜನೆ ಬಂದದ್ದು 2005ರಲ್ಲಿ. ತಿಂಗಳಿಗೆ 10,000 ರೂಪಾಯಿಯ ಭರವಸೆಗಾಗಿ 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ಮಲಗಬೇಕಾಯಿತು. ಮಗುವನ್ನು ಕಳೆದುಕೊಂಡು ಪಡೆದ ಬಡ ಹೆಂಗಸನ್ನು ತಂದು ಈ ಸಾಲಿಗೆ ಸೇರಿಸುತ್ತೀರಿ. ಸಮಿತಿಯ ಕಚೇರಿಯಲ್ಲಿ ಬೆರಳಚ್ಚು ಮಾಡುವವರಿಲ್ಲದಿದ್ದರೆ ಅವಳ ಕೈಗೆ ಫೈಲು ಕೊಡುತ್ತಾರೆ, ನೀರು ತರುವವರಿಲ್ಲದಿದ್ದರೆ ಕೊಡ ಕೊಡುತ್ತಾರೆ. ಪ್ರತಿ ದಿನ ತನ್ನದೇ ಹಳೆಯ ಗಾಯದ ಎದುರು ಅವಳು ಕೂರಬೇಕಾಗುತ್ತದೆ ಎನ್ನುವುದೂ ಇದೆ, ಆದರೆ ಅದನ್ನು ಅವಳೇ ಹೇಳಬೇಕು, ನಾನಲ್ಲ.

ಹಾಗಾದರೆ ಏನೂ ಬೇಡವೇ ಎಂದರೆ, ಹೊಸ ಹುದ್ದೆ ಬೇಡ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆಕಾನೂನು ಸ್ವಯಂಸೇವಕರ ವ್ಯವಸ್ಥೆ 2009ರಿಂದ ಇದೆ. ಅವರಿಗೆ ತರಬೇತಿ ಇದೆ, ಕೇಳಲು ಮೇಲೊಬ್ಬ ನ್ಯಾಯಾಧೀಶರಿದ್ದಾರೆ, ತಪ್ಪಿದರೆ ಪಟ್ಟಿಯಿಂದ ತೆಗೆಯಲು ದಾರಿ ಇದೆ. ಮಕ್ಕಳನ್ನು ಮರಳಿ ಪಡೆದ ಪೋಷಕರು ಆ ಪಟ್ಟಿಗೆ ಅರ್ಜಿ ಹಾಕಲಿ, ತಮ್ಮ ಓಣಿ ಬಿಟ್ಟು ಬೇರೆ ತಾಲ್ಲೂಕಿನ ಕುಟುಂಬಗಳ ಜತೆ ಕೆಲಸ ಮಾಡಲಿ. ಹಿರಿಯೂರಿನವರು ಹೊಳಲ್ಕೆರೆಯವರಿಗೆ, ಹೊಸದುರ್ಗದವರು ಮೊಳಕಾಲ್ಮೂರಿನವರಿಗೆ. ಬಸ್ ಖರ್ಚು ಜಾಸ್ತಿಯಾದರೂ ಗುಟ್ಟು ಉಳಿಯುತ್ತದೆ. ಇದು ವಿರೋಧವೋ ಪರವೋ ಎಂದು ಸಂಪಾದಕರು ಕೇಳಬಹುದು. ವಕೀಲರ ಸಂಘದಿಂದ ಇದಕ್ಕೆ ಆಕ್ಷೇಪ ಬರಲಾರದು, ಬಂದರೆ ನಾನೇ ಹೋಗಿ ಮಾತಾಡುತ್ತೇನೆ.